ತಿಥಿಗಳಿಗೆ ಮನೆ ಕೊಡುವ ಅತ್ತಿಗೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಷಟರ್ ಮೊಣಕಾಲಿನಷ್ಟೇ ಎದ್ದಿದೆ. ಬಗ್ಗಿ ಒಳಗೆ ಬಂದವರಿಗೆ ಮೊದಲು ಕಾಣುವುದು ಕಿಟಕಿ ಪಕ್ಕದ ಮೇಜು, ಆಮೇಲೆ ಆ ಮೇಜಿನ ಮೇಲೆ ಬಾಗಿದ ಒಂದು ಬೆನ್ನು. ಮುಂದಿನ ವರ್ಷದ ಗೋಡೆ ಕ್ಯಾಲೆಂಡರಿನ ಒಂದು ಹಾಳೆ ಮೇಜಿನ ತುಂಬ ಹಾಸಿದೆ. ತಾರೀಖುಗಳು ಬಂದು ಕೂತಿವೆ. ಅವುಗಳ ಕೆಳಗಿನ ಜಾಗ ಖಾಲಿ. ಎಡಗೈ ಪಂಚಾಂಗದ ಪುಟದ ಮೇಲೆ, ಬಲಗೈಯಲ್ಲಿ ಸೀಸದಕಡ್ಡಿ. ಟೀ ಲೋಟಕ್ಕೆ ಮುಚ್ಚಿದ ತಟ್ಟೆಯನ್ನು ಇನ್ನೂ ಯಾರೂ ತೆಗೆದಿಲ್ಲ.

"ಹನ್ನೆರಡನೇ ಮನೆಗೆ ಯಾರು ಬಂದ್ರು? ಏಕಾದಶಿ. ಬಾಗಿಲು ತೆಗೆಯೋ ಹೊತ್ತಿಗೆ ಒಳಗಿದ್ಲಾ? ಇದ್ಲು. ಸರಿ, ಮನೆ ಅವಳದ್ದೇ."

ಪ್ರಶ್ನೆಯೂ ಅವರದ್ದೇ, ಉತ್ತರವೂ ಅವರದ್ದೇ. ಬರೆಯುತ್ತಾರೆ. ಹದಿಮೂರನೇ ಮನೆಗೆ ಹೋಗುತ್ತಾರೆ.

ಇವರು ಅತ್ತಿಗೆ. ಮುದ್ರಣಾಲಯದ ಮಾಲೀಕ ಇವರ ಮೈದುನ. ಅವರು ಕರೆದದ್ದೇ ಎಲ್ಲರ ಬಾಯಿಗೂ ಬಂದಿದೆ. ಕಾಗದ ತರುವ ಗಾಡಿಯವನಿಗೂ ಅತ್ತಿಗೆ, ಅಂಚೆಯವನಿಗೂ ಅತ್ತಿಗೆ. "ಮಷಿನ್ ಓಡಿಸೋ ಇವರೊಬ್ರು ಮಾತ್ರ ಹಾಗೆ ಕರೆಯಲ್ಲ," ಎಂದು ಗಂಡನ ಕಡೆ ಕಣ್ಣು ಹೊರಳಿಸುತ್ತಾರೆ. "ಕರೆದಿದ್ರೆ ಅವತ್ತೇ ತವರಿಗೆ ಹೋಗ್ತಿದ್ದೆ."

ಕ್ಯಾಲೆಂಡರಿನಲ್ಲಿ ತಾರೀಖಿನ ಚೌಕಕ್ಕೆ ಇಲ್ಲಿ ಮನೆ ಎನ್ನುತ್ತಾರೆ. ಆ ಮನೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ತಿಥಿ, ನಕ್ಷತ್ರ ಅಚ್ಚಾಗಿರುತ್ತವೆ. ದಿನಾ ಕ್ಯಾಲೆಂಡರ್ ನೋಡುವ ಕಣ್ಣು ಅಲ್ಲಿಗೆ ಇಳಿಯುವುದೇ ಇಲ್ಲ. ಅದನ್ನು ಯಾರೋ ಕೂತು ತುಂಬಿರುತ್ತಾರೆ ಎಂಬ ಯೋಚನೆಯಂತೂ ಬರುವುದಿಲ್ಲ. ಮೂವತ್ತು ವರ್ಷದಿಂದ ತುಂಬುತ್ತಿರುವವರು ಅತ್ತಿಗೆ.

ತಾರೀಖಿಗೇನು, ಗಡಿಯಾರ ಹನ್ನೆರಡು ಹೊಡೆದರೆ ಬದಲಾಗುತ್ತದೆ. ತಿಥಿ ಹಾಗಲ್ಲ. ಅಮಾವಾಸ್ಯೆಯಲ್ಲಿ ಸೂರ್ಯ ಚಂದ್ರ ಒಂದೇ ಕಡೆ ಇರುತ್ತಾರೆ. ಅಲ್ಲಿಂದ ಚಂದ್ರ ಸೂರ್ಯನನ್ನು ಬಿಟ್ಟು ಹನ್ನೆರಡು ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು. ಇನ್ನು ಹನ್ನೆರಡು ಹೋದರೆ ಇನ್ನೊಂದು. ಸುತ್ತು ಬಂದು ಮತ್ತೆ ಅಮಾವಾಸ್ಯೆಗೆ ನಿಲ್ಲುವಾಗ ಮೂವತ್ತು ತಿಥಿ. ಆದರೆ ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲ. ಬಿರುಸಾಗಿ ನಡೆದರೆ ತಿಥಿ ದಿನಕ್ಕಿಂತ ಮೊದಲೇ ಮುಗಿಯುತ್ತದೆ, ನಿಧಾನಿಸಿದರೆ ದಿನ ಕಳೆದರೂ ಉಳಿದಿರುತ್ತದೆ. ಹಾಗಾದರೆ ಯಾವ ದಿನಕ್ಕೆ ಯಾವ ತಿಥಿಯ ಹೆಸರು?

ಅತ್ತಿಗೆ ಇದನ್ನು ಸೀಸದಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತಾರೆ. "ಮೂವತ್ತು ಜನ ಅಕ್ಕತಂಗಿಯರು ಅಂದ್ಕೊಳ್ಳಿ. ಒಬ್ಬಳು ಹೋಗ್ತಿದ್ದಂಗೆ ಇನ್ನೊಬ್ಬಳು ಬರ್ತಾಳೆ, ಮಧ್ಯೆ ಉಸಿರು ಬಿಡೋಷ್ಟೂ ಬಿಡುವಿಲ್ಲ. ಬೆಳಿಗ್ಗೆ ಸೂರ್ಯ ಬಂದು ಬಾಗಿಲು ತೆಗೀತಾನೆ. ಆಗ ಒಳಗೆ ಯಾರಿದ್ದಾಳೋ ಆ ದಿನ ಅವಳದ್ದು. ಎರಡು ನಿಮಿಷಕ್ಕೆ ಎದ್ದು ಹೋದ್ರೂ ದಿನ ಪೂರ್ತಿ ಅವಳ ಹೆಸರೇ. ಒಬ್ಬೊಬ್ಬಳು ಸೋಮಾರಿ, ಎರಡು ಬೆಳಿಗ್ಗೆ ಒಳಗೇ ಇರ್ತಾಳೆ. ಅವಳಿಗೆ ಎರಡು ಮನೆ."

ಬಾಗಿಲು ತೆಗೆದ ಮೇಲೆ ಬಂದು, ಮರುದಿನದ ಬಾಗಿಲಿಗೆ ಮೊದಲೇ ಹೋದವಳಿಗೆ?

"ಅವಳಿಗೆ ಮನೆ ಇಲ್ಲ."

ಪಂಚಾಂಗ ಬೇರೆ ಊರಿನ ಸೂರ್ಯೋದಯಕ್ಕೆ ಗುಣಿಸಿದ್ದು. ಇಲ್ಲಿಯ ಸೂರ್ಯ ಬಾಗಿಲು ತೆಗೆಯುವ ಹೊತ್ತೇ ಬೇರೆ. ಆದ್ದರಿಂದ ನೋಡಿ ನಕಲು ಮಾಡುವ ಹಾಗಿಲ್ಲ. ಪುಸ್ತಕದಲ್ಲಿ ಕಾಲ ಘಳಿಗೆಯಲ್ಲಿರುತ್ತದೆ. ದಿನಕ್ಕೆ ಅರವತ್ತು ಘಳಿಗೆ. ಅದನ್ನು ಗಂಟೆಗೆ ಇಳಿಸಿ, ಇಲ್ಲಿಯ ಬಾಗಿಲಿಗೆ ಹೊಂದಿಸಿ, ಒಂದೊಂದು ಮನೆಗೂ ಕೇಳಬೇಕು: ಒಳಗಿದ್ದಳೇ, ಇರಲಿಲ್ಲವೇ?

ಕಲಿಸಿದವರು ಮಾವ. ಸೊಸೆಯಾಗಿ ಬಂದಾಗ ಓದು ಹೈಸ್ಕೂಲಿಗೇ ನಿಂತಿತ್ತು. ಮಾವನ ಕೈ ನಡುಗಲು ಶುರುವಾಗಿತ್ತು. ಇವರು ಪಂಚಾಂಗ ಓದಿ ಹೇಳುವುದು, ಅವರು ಬರೆಯುವುದು. ಆಮೇಲೆ ಅವರು ಹೇಳುವುದು, ಇವರು ಬರೆಯುವುದು. "ಗೊತ್ತಿಲ್ಲ ಅಂದ್ರೆ ಬೈತಿರಲಿಲ್ಲ. ಅಂದಾಜಿನ ಮೇಲೆ ಬರೆದ್ರೆ ರಬ್ಬರ್ ತೆಗೆದು ಎಸೀತಿದ್ರು. ಗುರಿ ಚೆನ್ನಾಗಿತ್ತು ಅವರದ್ದು." ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಏಕೆ ಬರುತ್ತದೆ ಎಂದು ಮಾವ ಹೇಳಿದ್ದು ಇವರಿಗೆ ಇಂದಿಗೂ ಇಷ್ಟ. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಮೊದಲೇ ಮುಗಿದುಬಿಡುತ್ತವೆ. ಹೀಗೇ ಬಿಟ್ಟರೆ ಚಳಿಯ ತಿಂಗಳು ನಡುಬೇಸಿಗೆಗೆ ಬಂದು ನಿಲ್ಲುತ್ತದೆ. ಅದಕ್ಕೆ ಚಂದ್ರ ಒಂದು ತಿಂಗಳು ದಾರಿಯಲ್ಲಿ ನಿಲ್ಲುತ್ತಾನೆ. "ಮುಂದೆ ಹೋದೋರು ಹಿಂದಿದ್ದೋರಿಗೆ ಕಾಯಬೇಕಮ್ಮ, ಅಷ್ಟೇ ಅದು, ಅಂದಿದ್ರು."

ಮೈದುನನಿಗೆ ಈ ಸಾಲುಗಳ ಮೇಲೆ ಬಹಳ ದಿನದಿಂದ ಕಣ್ಣು. ಕೆಟ್ಟವರಲ್ಲ, ವ್ಯಾಪಾರ ನಡೆಸುವವರು. ತಿಥಿಯ ಸಾಲು ತೆಗೆದರೆ ತಾರೀಖು ದಪ್ಪ ಮಾಡಬಹುದು, ಮೇಲಿನ ಜಲಪಾತದ ಚಿತ್ರ ಇನ್ನೂ ನಾಲ್ಕು ಬೆರಳು ಇಳಿಸಬಹುದು. "ಅತ್ತಿಗೆ, ಓದೋರು ಯಾರು ಹೇಳಿ? ನೀವು ಬರೀತೀರಿ, ನೀವೇ ತಿದ್ದುತೀರಿ, ನೀವೇ ಓದ್ತೀರಿ." ಪ್ರತಿ ವರ್ಷವೂ ಅತ್ತಿಗೆ "ಈ ಒಂದು ವರ್ಷ ಇರಲಿ" ಎನ್ನುತ್ತಿದ್ದರು. ಪ್ರತಿ ವರ್ಷವೂ ಇರುತ್ತಿತ್ತು.

ಹೋದ ವರ್ಷ ಅತ್ತಿಗೆಯ ಎರಡೂ ಕಣ್ಣಿಗೆ ಪೊರೆ ಬಂತು. ಕ್ಯಾಲೆಂಡರ್ ಅಚ್ಚಿಗೆ ಹೋಗುವ ಹೊತ್ತಿಗೇ ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆ. ಬರಗಾಲದಲ್ಲಿ ಅಧಿಕ ಮಾಸ ಎಂದು ಮೈದುನ ತಲೆ ಮೇಲೆ ಕೈ ಹೊತ್ತರು. ಮನೆ ತುಂಬುವ ಕೆಲಸ ಮುಗಿದಿತ್ತು, ಕೊನೆಯ ಕರಡು ನೋಡುವುದಷ್ಟೇ ಬಾಕಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತಿಗೆ ಗಂಡನಿಗೆ ಹೇಳಿದರು: "ನಾನು ಬರೆದಂಗೇ ಇದೆಯಾ ನೋಡಿ ಬಿಡಿ, ಸಾಕು."

ಅವರು ನೋಡಿದರು. ಜನವರಿ ಪುಟದಲ್ಲಿ ಹತ್ತನೇ ಮನೆಯಲ್ಲಿ ಷಷ್ಠಿ, ಹನ್ನೊಂದನೇ ಮನೆಯಲ್ಲಿ ಅಷ್ಟಮಿ. ಮಧ್ಯೆ ಸಪ್ತಮಿ ಇಲ್ಲ.

ಮೂವತ್ತು ವರ್ಷ ಹೆಂಡತಿಯ ಪಕ್ಕದಲ್ಲೇ ಮಷಿನ್ ಓಡಿಸಿದವರು. ಅಕ್ಕತಂಗಿಯರ ಕಥೆ ಎಷ್ಟು ಸಲ ಕೇಳಿದ್ದರೋ. ಆದರೆ ಮಷಿನ್ ಓಡುವಾಗ ಹೇಳಿದ ಮಾತು ಯಾರ ಕಿವಿಗೆ ಹೋಗುತ್ತದೆ? ಅವರಿಗೆ ಹೊಳೆದದ್ದು ಒಂದೇ: ಪಾಪ, ಕಣ್ಣು ಕಾಣದೆ ಬಿಟ್ಟಿದ್ದಾಳೆ. ತಮ್ಮನಿಗೆ ಗೊತ್ತಾದರೆ "ನೋಡಿದ್ರಾ, ಇನ್ನು ಈ ಸಾಲು ಸಾಕು" ಅಂದಾನು. ಅವರು ಸದ್ದಿಲ್ಲದೆ ಕಂಪ್ಯೂಟರ್ ಮುಂದೆ ಕೂತು ಹನ್ನೊಂದನೇ ಮನೆಗೆ ಸಪ್ತಮಿಯನ್ನು ಸೇರಿಸಿ, ಉಳಿದವರನ್ನೆಲ್ಲ ಒಂದೊಂದು ಮನೆ ಮುಂದಕ್ಕೆ ತಳ್ಳಿದರು. ತಿಂಗಳ ಕೊನೆಯ ಮನೆಯಲ್ಲಿದ್ದ ತ್ರಯೋದಶಿ ಜಾಗವಿಲ್ಲದೆ ಹೊರಗೆ ಬಿದ್ದಳು. "ಅವಳು ಹೇಗೂ ಮುಂದಿನ ಪುಟದಲ್ಲಿ ಇರ್ತಾಳೆ ಅಂದ್ಕೊಂಡೆ," ಎನ್ನುತ್ತಾರೆ ಅವರು, ಕಿವಿಯ ಹಿಂದೆ ಕೆರೆದುಕೊಳ್ಳುತ್ತ. ಮುಂದಿನ ಪುಟ ಚತುರ್ದಶಿಯಿಂದ ಶುರುವಾಗಿತ್ತು. ಇಲ್ಲದ ತೂತು ಮುಚ್ಚಲು ಹೋಗಿ ಹೊಸ ತೂತು ಮಾಡಿದ್ದರು.

ಪಟ್ಟಿ ಬಿಚ್ಚಿದ ಮೇಲೆ ಅತ್ತಿಗೆ ಹೊಸ ಕಣ್ಣಿನಲ್ಲಿ ಮೊದಲು ನೋಡಿದ್ದು ಅಚ್ಚಾದ ಜನವರಿ ಪುಟವನ್ನೇ. ಅಷ್ಟು ಹೊತ್ತಿಗೆ ಅರ್ಧಕ್ಕರ್ಧ ಕಟ್ಟುಗಳು ಅಂಗಡಿಗಳಿಗೆ ಹೋಗಿದ್ದವು.

"ಯಾರ್ರೀ ಇದನ್ನ ಮುಟ್ಟಿದ್ದು?"

"ಸಪ್ತಮಿ ಬಿಟ್ಟುಹೋಗಿತ್ತು ಕಣೆ. ನಾನೇ ಹಾಕ್ದೆ. ನಿನ್ನ ಹೆಸರು ಕೆಡಬಾರದು ಅಂತ."

ಅತ್ತಿಗೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಣ್ಣಿನ ವೈದ್ಯರು ಅಳಬಾರದು ಎಂದಿದ್ದರು. ನಕ್ಕರು.

ಅಂಗಡಿಗೆ ಹೋಗದೆ ಉಳಿದ ಕಟ್ಟುಗಳಿಗೆ ಗಂಡ ಹೆಂಡತಿ ಕೂತು ತಿದ್ದಿದ ಕಾಗದದ ಪಟ್ಟಿ ಅಂಟಿಸಿದರು. ಹೋದ ಕಟ್ಟುಗಳು ಹೋದವು. "ಬಿಡಿ ಅತ್ತಿಗೆ, ಯಾರಿಗೂ ಗೊತ್ತಾಗಲ್ಲ," ಎಂದು ಮೈದುನ ಸಮಾಧಾನ ಮಾಡಿದರು. ಆ ಸಮಾಧಾನವೇ ಚುಚ್ಚಿತು. ಆಮೇಲೆ ಅವರು ನಗುತ್ತಲೇ ಒಂದು ಮಾತು ಸೇರಿಸಿದರು: "ಜನವರಿ ಮುಗಿಯೋದ್ರೊಳಗೆ ಒಬ್ಬರಾದ್ರೂ ಬಂದು ತಪ್ಪಾಗಿದೆ ಅಂದ್ರೆ ನಿಮ್ಮ ಸಾಲು ಇರಲಿ. ಯಾರೂ ಬರದಿದ್ರೆ ಮುಂದಿನ ವರ್ಷ ತೆಗೆದುಬಿಡೋಣ. ಏನಂತೀರಿ?"

ಅತ್ತಿಗೆ ಹೂಂ ಎಂದರು. ಬೇರೆ ಏನು ಹೇಳುವುದು?

ಜನವರಿ ಬಂತು. ಅತ್ತಿಗೆಯ ಪಾಡು ವಿಚಿತ್ರವಾಯಿತು. ಯಾರಾದರೂ ಬಂದರೆ ತಲೆ ತಗ್ಗಿಸಬೇಕು. ಬರದಿದ್ದರೆ ಅದಕ್ಕಿಂತ ಹೆಚ್ಚು. "ಮೂವತ್ತು ವರ್ಷ ತಪ್ಪು ಆಗಬಾರದು ಅಂತ ಕಾದೆ. ಆ ತಿಂಗಳು ಯಾರಾದ್ರೂ ಬಂದು ಬೈಯ್ಲಪ್ಪಾ ಅಂತ ಕಾದೆ." ಹನ್ನೊಂದನೇ ತಾರೀಖು ಹೋಯಿತು. ಹದಿನೈದು ಹೋಯಿತು. ಒಂದು ಬೆಳಿಗ್ಗೆ ಫೋನ್ ಬಂತು. "ನಿಮ್ಮ ಕ್ಯಾಲೆಂಡರಲ್ಲಿ ಒಂದು ತಪ್ಪಿದೆ" ಎಂಬ ಗಂಡಸಿನ ದನಿ. ಅತ್ತಿಗೆ ಕುರ್ಚಿಯಿಂದ ಎದ್ದು ನಿಂತರು. "ಹೇಳಿ, ಹೇಳಿ."

"ಮೊಳೆಗೆ ಹಾಕೋ ತಗಡು ಕಿತ್ತು ಬಂತು. ಗೋಡೆಯಿಂದ ಬಿದ್ದು ಸಾರಿನ ಪಾತ್ರೆಗೇ ಬಿತ್ತು."

ಅತ್ತಿಗೆ ಕೂತರು.

ಹತ್ತೊಂಬತ್ತನೇ ತಾರೀಖಿನ ಮನೆಯಲ್ಲಿ ಅಮಾವಾಸ್ಯೆ ಎಂದು ಅಚ್ಚಾಗಿತ್ತು. ನಿಜವಾದ ಅಮಾವಾಸ್ಯೆ ಹಿಂದಿನ ದಿನವೇ ಬಂದು ಹೋಗಿತ್ತು. ಇಪ್ಪತ್ತರ ಸಂಜೆ ಷಟರ್ ಅರ್ಧ ಇಳಿಸುವಾಗ ಅದರಡಿಯಲ್ಲಿ ಎರಡು ಜೊತೆ ಕಾಲು ಕಂಡವು, ಒಂದು ದೊಡ್ಡದು, ಒಂದು ಚಿಕ್ಕದು. ಬೀದಿ ತುದಿಯಲ್ಲಿ ಇಸ್ತ್ರಿ ಹಾಕುವ ಅಜ್ಜಿ. ಒಂದು ಕೈಯಲ್ಲಿ ಮೊಮ್ಮಗಳು, ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್.

"ಯಾರಮ್ಮ ಇಲ್ಲಿ ಇದನ್ನ ಬರೆಯೋರು?"

"ನಾನೇ," ಎಂದರು ಅತ್ತಿಗೆ.

"ನೀನೇನಾ? ಕಣ್ಣು ನೆಟ್ಟಗಿದೆಯಾ ನಿಂಗೆ? ನಾನು ದಿನಾ ಸಂಜೆ ಈ ಮಗೀಗೆ ಊಟ ಮಾಡಿಸೋದು ಚಂದ್ರನ ತೋರಿಸಿ. ನಿನ್ನೆ ನಿಮ್ಮ ಕ್ಯಾಲೆಂಡರ್ ನೋಡಿ, ಇವತ್ತು ಅಮಾವಾಸ್ಯೆ, ಚಂದ್ರಂಗೆ ರಜಾ, ಸುಮ್ನೆ ತಿನ್ನು ಅಂದೆ. ಇವಳು ಮಹಡಿ ಮೆಟ್ಟಿಲು ಹತ್ತಿ ನೋಡ್ತಾಳೆ, ಅಲ್ಲಿ ಕೂತಿದ್ದಾನೆ, ಉಗುರು ಕತ್ತರಿಸಿ ಹಾಕ್ದಂಗೆ!"

"ಅಜ್ಜಿ ಸುಳ್ಳು ಹೇಳ್ತು," ಎಂದಿತು ಮಗು.

"ಕೇಳಿಸ್ತಾ? ನಿನ್ನೆಯಿಂದ ಇದೇ ಮಾತು. ಈಗ ಹಾಲು ಕುಡಿ ಅಂದ್ರೂ ಸುಳ್ಳಾ ಅಂತ ಕೇಳ್ತಾಳೆ. ಅಮಾವಾಸ್ಯೆ ದಿನ ಚಂದ್ರನ್ನ ತರೋಕೆ ನಿಮಗೆ ಯಾರಮ್ಮ ಅಧಿಕಾರ ಕೊಟ್ಟೋರು?"

ಅತ್ತಿಗೆಯ ಮುಖ ನೋಡಿದ ಅಜ್ಜಿ ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿದರು. ಬೈಸಿಕೊಂಡವರು ಹಾಗೆ ನಗುವುದನ್ನು ಅವರು ಕಂಡಿರಲಿಲ್ಲ. "ಕೂತ್ಕೊಳ್ಳಿ ಅಜ್ಜಿ," ಎಂದು ಅತ್ತಿಗೆ ತಮ್ಮ ಕುರ್ಚಿಯನ್ನೇ ಎಳೆದರು. "ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ. ಒಳಗೆ ನಮ್ಮ ಮೈದುನ ಇದ್ದಾರೆ."

ಅಜ್ಜಿಗೆ ಜೋರಾಗಿ ಹೇಳಲು ಯಾರೂ ಕಲಿಸಬೇಕಿರಲಿಲ್ಲ. ಮೈದುನ ಹೊರಗೆ ಬಂದರು. ಎರಡೂ ಕೈ ಎತ್ತಿದರು. ಮಷಿನ್ ಒರೆಸುತ್ತಿದ್ದ ಗಂಡ ಬಟ್ಟೆ ಕೆಳಗಿಟ್ಟು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಜ್ಜಿ ಸುಳ್ಳು ಹೇಳಿಲ್ಲಮ್ಮ. ತಪ್ಪು ನಂದು" ಎಂದರು. ಮಗು ಅವರನ್ನು ಮೇಲಿಂದ ಕೆಳಗೆ ನೋಡಿ, "ಚಂದ್ರಂದೂ ಅಲ್ವಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡಿತು.

ಪಟ್ಟಿ ಅಂಟಿಸಿದ ಕ್ಯಾಲೆಂಡರ್ ಕಂಕುಳಲ್ಲಿಟ್ಟುಕೊಂಡು ಹೊರಟ ಅಜ್ಜಿ ಬಾಗಿಲಲ್ಲಿ ತಿರುಗಿ ನಿಂತರು. "ಇಷ್ಟು ಚೆನ್ನಾಗಿ ಬರೀತೀರಿ, ಅಕ್ಷರ ಒಂಚೂರು ದೊಡ್ಡದು ಮಾಡೋಕೆ ಏನು ರೋಗ? ಕನ್ನಡಕ ಹಾಕ್ಕೊಂಡು, ಅದರ ಮೇಲೆ ಮೊಮ್ಮಗಳ ಭೂತಗನ್ನಡಿ ಹಿಡ್ಕೊಂಡು ಓದಬೇಕು."

ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಜಲಪಾತ ನಾಲ್ಕು ಬೆರಳು ಮೇಲಕ್ಕೆ ಸರಿಯಲಿದೆ. ಸಾಸಿವೆ ಕಾಳು ಕಡಲೆ ಕಾಳಾಗಲಿದೆ. ಮೈದುನನೇ ಅಳತೆ ಹಾಕಿ ಕೊಟ್ಟಿದ್ದಾರೆ, ಒಂದಿಷ್ಟು ಗೊಣಗಿಕೊಂಡು.

ಇನ್ನೊಂದು ಬದಲಾವಣೆಯೂ ಆಗಿದೆ. ಬೆಳಗಿನ ಮೇಜಿಗೆ ಎರಡನೇ ಕುರ್ಚಿ ಬಂದಿದೆ. ಮಷಿನ್ ಶುರುವಾಗುವ ಮೊದಲಿನ ಒಂದು ಗಂಟೆ ಗಂಡ ಅಲ್ಲಿ ಕೂರುತ್ತಾರೆ. ಮಾವನಿಗೆ ಅತ್ತಿಗೆ ಓದಿ ಹೇಳುತ್ತಿದ್ದಂತೆ ಅತ್ತಿಗೆಗೆ ಅವರು ಪಂಚಾಂಗ ಓದಿ ಹೇಳುತ್ತಾರೆ. ಅಂದಾಜಿನ ಮೇಲೆ ಹೇಳಿದರೆ ರಬ್ಬರ್ ಬಂದು ಬೀಳುತ್ತದೆ. "ಗುರಿ ಅಪ್ಪಂದೇ," ಎನ್ನುತ್ತಾರೆ ಗಂಡ.

ಆಸೆ ಏನಾದರೂ ಇದೆಯೇ ಎಂದರೆ ಅತ್ತಿಗೆ ಬೆರಳು ಮಡಿಚಿ ಎಣಿಸುತ್ತಾರೆ. "ಇನ್ನೊಂದು ಕಣ್ಣಿನ ಪೊರೆ ತೆಗೆಸಬೇಕು. ಆ ಅಜ್ಜಿ ಆಗಾಗ ಬರ್ತಿರಬೇಕು. ತಪ್ಪು ಇಲ್ದಿದ್ರೂ ಬರ್ಲಿ."

ಹೊರಗೆ ಬೆಳಕು ಹರಿಯುತ್ತಿದೆ. ಗಂಡನ ಬೆರಳು ಹಾಳೆಯ ಮೇಲೆ ಒಂದು ಕಡೆ ನಿಲ್ಲುತ್ತದೆ. ಚೌತಿಯ ಮನೆ, ಅದರ ಪಕ್ಕ ಷಷ್ಠಿಯ ಮನೆ. ಅವರು ತಲೆ ಎತ್ತುತ್ತಾರೆ. ಅತ್ತಿಗೆ ರಬ್ಬರ್ ಕೈಗೆ ತೆಗೆದುಕೊಂಡು ಕೇಳುತ್ತಾರೆ.

"ಹೇಳಿ ನೋಡೋಣ. ಪಂಚಮಿ ಬರಲಿಲ್ವಾ?"

"ಬಂದಿದ್ಲು," ಎನ್ನುತ್ತಾರೆ ಅವರು, ನಿಧಾನವಾಗಿ. "ಬಾಗಿಲು ತೆಗೆಯೋ ಹೊತ್ತಿಗೆ ಹೋಗಿದ್ಲು, ಅಷ್ಟೇ."

ಅತ್ತಿಗೆ ರಬ್ಬರ್ ಕೆಳಗಿಟ್ಟು, ಲೋಟದ ಮೇಲಿನ ತಟ್ಟೆ ತೆಗೆದು, ಆರಿದ ಟೀಯಲ್ಲಿ ಅರ್ಧವನ್ನು ಆ ತಟ್ಟೆಗೇ ಬಗ್ಗಿಸಿ ಗಂಡನ ಕಡೆ ಸರಿಸುತ್ತಾರೆ.