ಎತ್ತಿಡುವ ಗುಡ್ಡ

ಮನುಷ್ಯ ತನಗೆ ಪ್ರಿಯವಾದದ್ದನ್ನೆಲ್ಲ ಕೈಗೆಟಕುವಷ್ಟು ಚಿಕ್ಕದು ಮಾಡಿ ಮನೆಯೊಳಗೆ ಇಟ್ಟುಕೊಳ್ಳಲು ಹವಣಿಸುತ್ತಾನೆ. ದೇವರನ್ನೇ ಹೀಗೆ ಪೂಜೆಯ ಜಗಲಿಯ ಮೇಲೆ ಕೂರಿಸಿದವನು ಉಳಿದದ್ದನ್ನು ಬಿಟ್ಟಾನೆಯೇ? ಈ ಗಹನವಾದ ವಿಚಾರ ನನಗೆ ಹೊಳೆದದ್ದು ಬಚ್ಚಲಲ್ಲಿ, ಮೈಗೆಲ್ಲ ಸೋಪು ಹಚ್ಚಿಕೊಂಡು, ಒಣಗಿದ ಹೀರೇಕಾಯಿ ನಾರಿನಿಂದ ಬೆನ್ನು ತಿಕ್ಕಿಕೊಳ್ಳುತ್ತಿದ್ದಾಗ. ತತ್ತ್ವಜ್ಞಾನಕ್ಕೆ ಜಾಗ ಇಕ್ಕಟ್ಟಾಯಿತು, ಒಪ್ಪುತ್ತೇನೆ. ಆದರೆ ಬಿಸಿನೀರಿಗೆ ಅದ್ದಿದ ಆ ನಾರಿನಿಂದ ಒಣಹುಲ್ಲಿನಂಥ ವಾಸನೆ ಎದ್ದದ್ದೇ ತಡ, ನಾನು ಹೊಸಪೇಟೆಯ ನನ್ನ ಮನೆಯಲ್ಲಿರಲಿಲ್ಲ. ಕಂಪ್ಲಿಯ ಒಂದು ಅಕ್ಕಿ ಮಿಲ್ಲಿನ ಅಟ್ಟದ ಮೇಲೆ, ಹಸಿರು ಬಣ್ಣ ಕಲಸಿದ ಬಕೆಟ್ಟಿನ ಮುಂದೆ ಕೂತು, ಇಂಥದೇ ನಾರನ್ನು ಅದ್ದಿ ಅದ್ದಿ ತೆಗೆಯುತ್ತಿದ್ದೆ.

ನಿಮಗೆ ಗೊತ್ತಿರಲಿಕ್ಕಿಲ್ಲ, ಪುಟ್ಟ ಮಾದರಿ ಕಟ್ಟುವವರಿಗೆ ಹೀರೇಕಾಯಿ ನಾರಿನಷ್ಟು ಒಳ್ಳೆಯ ಮರ ಇನ್ನೊಂದಿಲ್ಲ. ಸುಟ್ಟುಹೋದ ಮೋಟಾರಿನ ತಾಮ್ರದ ತಂತಿಯನ್ನು ಹುರಿಮಾಡಿ ಕಾಂಡ ಕೊಂಬೆ ಮಾಡಬೇಕು. ಅದರ ಮೇಲೆ ಹಸಿರು ಹಾಕಿದ ನಾರನ್ನು ಹರಿದು ಹರಿದು ಅಂಟಿಸಬೇಕು. ತುಸು ದೂರ ನಿಂತು ನೋಡಿದರೆ ಆಲದ ಮರ. ಹತ್ತಿರ ಬಂದರೆ ಮತ್ತೆ ಬೆನ್ನು ತಿಕ್ಕುವ ನಾರು. ಲೋಕದ ಅನೇಕ ಗಣ್ಯ ವ್ಯಕ್ತಿಗಳ ಹಾಗೆ ಇದಕ್ಕೂ ದೂರವೇ ಶೋಭೆ.

ಮಿಲ್ಲು ನನ್ನ ಗೆಳೆಯ ವಿರೂಪಾಕ್ಷಪ್ಪನದು. ಅವನೂ ನಾನೂ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಮುಂದೆ ಅವನು ಅಪ್ಪನ ಮಿಲ್ಲಿಗೆ ಯಜಮಾನನಾದ, ನಾನು ಹೊಸಪೇಟೆಯ ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರನಾದೆ. ಕಂಪ್ಲಿಯಲ್ಲಿ ಹೊಳೆಯುಂಟು, ಭತ್ತವುಂಟು, ಕಬ್ಬುಂಟು, ರೈಲೊಂದಿಲ್ಲ. ಈ ಕೊರತೆಯನ್ನು ಊರಿನವರು ಮನವಿ ಕೊಟ್ಟು ಕೊಟ್ಟು ಸಹಿಸಿಕೊಂಡಿದ್ದರು. ವಿರೂಪಾಕ್ಷಪ್ಪನಿಗೆ ಮಾತ್ರ ಅದು ಸ್ವಂತ ಅಪಮಾನ. ಅವನ ಅವ್ವನ ತವರು ಸಂಡೂರಿನಾಚೆಯ ಒಂದು ಸಣ್ಣ ಹಳ್ಳಿ. ಪ್ರತಿ ಬೇಸಿಗೆ ಹೊಸಪೇಟೆಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಗುಡ್ಡಗಳ ನಡುವೆ ನುಸುಳುವ ಸಣ್ಣ ಗೇಜಿನ ರೈಲು ಹತ್ತುತ್ತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಬೇಡವೆಂದು ಅವ್ವ ಹೇಳುತ್ತಿದ್ದಳು, ಇವನು ಹಾಕುತ್ತಿದ್ದ, ಎಂಜಿನ್ನಿನ ಕಿಡಿ ಕಣ್ಣಿಗೆ ಬೀಳುತ್ತಿತ್ತು. ಆ ಕಿಡಿ ಕಣ್ಣಿನಿಂದ ಹೋಯಿತು, ತಲೆಯಿಂದ ಹೋಗಲಿಲ್ಲ.

ನಾನು ಹೇಳುತ್ತಿರುವುದು ಅದಿರಿನ ಸುಗ್ಗಿಯ ವರ್ಷಗಳ ಮಾತು. ನೆಲ ಅಗೆದರೆ ಚೀನಾದವರು ಕೊಳ್ಳುತ್ತಾರೆಂಬ ಸುದ್ದಿ ಬಂದು, ನಮ್ಮ ಸೀಮೆಯ ಜನಕ್ಕೆಲ್ಲ ಏಕಕಾಲಕ್ಕೆ ಲಾರಿ ಕೊಳ್ಳುವ ಜ್ವರ ಹಿಡಿದಿತ್ತು. ಹೊಸಪೇಟೆಯಲ್ಲಿ ಎಲೆ, ಹೂವು, ಎಮ್ಮೆ, ದೇವಸ್ಥಾನದ ಗೋಪುರ ಎಲ್ಲದರ ಬಣ್ಣ ಒಂದೇ ಆಗಿತ್ತು. ಡ್ರಾಯಿಂಗ್ ಮಾಸ್ತರನಿಗೆ ಇದರಿಂದ ಭಾರೀ ಅನುಕೂಲ. ಕೆಂಪು ಒಂದಿದ್ದರೆ ಸಾಕು, ಊರೆಲ್ಲ ಬರೆಯಬಹುದು. ಅಂಥ ಹೊತ್ತಿನಲ್ಲಿ ಐವತ್ತು ದಾಟಿದ ವಿರೂಪಾಕ್ಷಪ್ಪ ಆಟಿಕೆಯ ರೈಲು ತಂದ. ಅವನ ಹೆಂಡತಿ ಪಾರ್ವತಕ್ಕ ನನಗೆ ಚಹಾ ಕೊಡುತ್ತ ಸುದ್ದಿ ಹೇಳಿದ್ದು ಹೀಗೆ:

"ಊರಾಗ ಎಲ್ಲಾರೂ ಗಾಡಿ ತಂದ್ರು ಮಾಸ್ತರ. ನಮ್ಮವರೂ ತಂದಾರ. ರಟ್ಟಿನ ಡಬ್ಬ್ಯಾಗ ಹಾಕ್ಕೊಂಡು ಬಗಲಾಗ ಇಟಗೊಂಡು ತಂದಾರ."

ರೈಲು ಮತ್ತು ಹಳಿಯಷ್ಟೇ ಅಂಗಡಿಯವು. ಉಳಿದ ಸೃಷ್ಟಿಕಾರ್ಯ ನಮ್ಮಿಬ್ಬರ ಪಾಲಿಗೆ ಬಂತು. ಬ್ರಹ್ಮನಿಗೆ ಸಾಮಾನು ಎಲ್ಲಿಂದ ಸಿಕ್ಕಿತೋ ತಿಳಿಯದು, ನಮಗಂತೂ ಮಿಲ್ಲಿನಲ್ಲೇ ಸಿಕ್ಕಿತು. ಸವೆದ ಜರಡಿಗಳನ್ನು ಬಗ್ಗಿಸಿ ಗುಡ್ಡದ ಎಲುಬುಗೂಡು ಮಾಡಿದೆವು. ಅದರ ಮೇಲೆ ಮೈದಾ ಅಂಟಿನಲ್ಲಿ ನೆನೆಸಿದ ಹಳೆಯ ಪತ್ರಿಕೆ, ಪದರದ ಮೇಲೆ ಪದರ. ಆಗಿನ ಪತ್ರಿಕೆಗಳ ತುಂಬ ಹೊಸ ಕಾರುಗಳ ಜಾಹೀರಾತು. ಹಾಗಾಗಿ ನಮ್ಮ ಗುಡ್ಡಗಳ ಒಡಲಲ್ಲೆಲ್ಲ ಕಾರುಗಳಿದ್ದವು. ಹೊರಗಿನ ಗುಡ್ಡಗಳ ಒಡಲಲ್ಲೂ ಜನ ಆಗ ಅದನ್ನೇ ಕಾಣುತ್ತಿದ್ದರು. ಭತ್ತದ ಹೊಟ್ಟು ಹುಲ್ಲಾಯಿತು. ಊದುಬತ್ತಿಯ ಡಬ್ಬಿ ಸ್ಟೇಷನ್ನಾಯಿತು, ಬೆಂಕಿಕಡ್ಡಿ ಅದರ ಕಂಬಗಳಾದವು. ಮಣ್ಣಿಗಾಗಿ ನಾನು ಹೊಸಪೇಟೆಯಲ್ಲಿ ನನ್ನ ಮನೆಯ ಕಿಟಕಿ ಒರೆಸಿ, ಬಂದದ್ದನ್ನು ಪೊಟ್ಟಣ ಕಟ್ಟಿ ಒಯ್ಯುತ್ತಿದ್ದೆ.

ಪ್ಲಾಟ್‌ಫಾರ್ಮಿನ ಜನರನ್ನು ಅಕ್ಕಿಯಿಂದಲೇ ಮಾಡಿದೆವು. ಸಣ್ಣಕ್ಕಿ ಹೆಂಗಸರು, ದಪ್ಪಕ್ಕಿ ಗಂಡಸರು, ನುಚ್ಚು ಮಕ್ಕಳು. ಒಂದೊಂದಕ್ಕೂ ಸೂಜಿಯ ಮೊನೆಯಿಂದ ಸೀರೆ, ರುಮಾಲು ಬರೆದು ನನ್ನ ಕಣ್ಣು ಕೆಟ್ಟಿತು. ಮರುವಾರ ಹೋಗಿ ನೋಡಿದರೆ ಪ್ಲಾಟ್‌ಫಾರ್ಮು ಖಾಲಿ; ಇರುವೆಗಳು ಪ್ರಯಾಣಿಕರನ್ನು ಸಾಲಾಗಿ ಹೊತ್ತುಕೊಂಡು ಗೋಡೆಯ ಬಿರುಕಿಗೆ ಹೋಗುತ್ತಿದ್ದವು. "ಇರಲಿ ಬಿಡಲೇ," ಎಂದ ವಿರೂಪಾಕ್ಷಪ್ಪ, "ಅಷ್ಟು ಮಂದಿಗಾದ್ರೂ ಊರು ಮುಟ್ಟಿಸೋರು ಸಿಕ್ರಲ್ಲ."

ನೋಡಲು ಬಂದವರೆಲ್ಲ ಒಂದೇ ಸಲಹೆ ಕೊಡುತ್ತಿದ್ದರು: ಹಂಪಿಯ ಕಲ್ಲಿನ ರಥ ಇಡಿ, ಕಳೆ ಬರುತ್ತದೆ. ನಮ್ಮ ಕಡೆ ಮದುವೆ ಪತ್ರಿಕೆಯಿಂದ ಹಿಡಿದು ಸೋಡಾ ಬಾಟಲಿಯವರೆಗೆ ಎಲ್ಲದರ ಮೇಲೂ ಆ ರಥವಿದ್ದೇ ಇರುತ್ತದೆ. ನನಗೂ ಆಸೆಯಾಗಿತ್ತು. ವಿರೂಪಾಕ್ಷಪ್ಪ ಕೆರಳುತ್ತಿದ್ದ.

"ಆ ರೈಲಿನಾಗ ಕುಂತ್ರ ರಥ ಕಾಣತೈತೇನಲೇ? ಕಾಣಂಗಿಲ್ಲ. ಇದ್ದದ್ದು ಇದ್ದಂಗ ಮಾಡಬೇಕು. ಇಲ್ಲದ್ದು ಮಾಡಾಕ ನಿಮ್ಮ ಡ್ರಾಯಿಂಗ್ ಕ್ಲಾಸ್ ಐತಲ್ಲ, ಎರಡು ಗುಡ್ಡ, ನಡುವ ಸೂರ್ಯ!"

ಜೀವಮಾನವೆಲ್ಲ ಮಕ್ಕಳಿಗೆ ಎರಡು ಗುಡ್ಡ, ನಡುವೆ ಸೂರ್ಯ ಕಲಿಸಿ ಪಿಂಚಣಿಗೆ ಅರ್ಹನಾದವನು ನಾನು. ಹೊಟ್ಟು ಅಂಟಿಸುತ್ತ ಹೋದೆ.

ಅವನು ಎಲ್ಲಕ್ಕಿಂತ ಹೆಚ್ಚು ಜೀವ ತೇದದ್ದು ಎಮ್ಮೆಗುಡ್ಡಕ್ಕೆ. ಅವ್ವನ ತವರಿನ ಬೆನ್ನಿಗೆ, ಕಾಲು ಮಡಚಿ ಮಲಗಿದ ಎಮ್ಮೆಯಂತೆ ಇದ್ದ ಗುಡ್ಡ ಅದು. ಎಮ್ಮೆಯ ಕೊರಳು ಎನ್ನಬಹುದಾದ ಕಡೆ ಬಂಡೆಯ ಸಂದಿಯಲ್ಲಿ ಒಂದು ಒರತೆ. ಬೇಸಿಗೆಯಲ್ಲೂ ಬತ್ತದ ಆ ನೀರನ್ನೇ ಊರೆಲ್ಲ ಕುಡಿಯುತ್ತಿತ್ತು. ಅವ್ವ ಸಾಯುವ ಮುಂಚೆ ಕಂಪ್ಲಿಯ ಹೊಳೆಯ ನೀರನ್ನು ಒಲ್ಲೆನೆಂದು ಆ ನೀರಿಗೆ ಹಟ ಹಿಡಿದಿದ್ದಳು. ಇವನು ಕೊಡದಲ್ಲಿ ತಂದು ಕುಡಿಸಿದ್ದ. ನಮ್ಮ ಮಾದರಿಯಲ್ಲಿ ಆ ಒರತೆಗೆ ಪಾರ್ವತಕ್ಕನ ಒಡೆದ ಕನ್ನಡಿಯ ಚೂರು ಹಾಕಿದೆವು. ಅಟ್ಟದ ಬಲ್ಬು ಹಚ್ಚಿದರೆ ಅದು ಫಳ್ಳೆನ್ನುತ್ತಿತ್ತು. ವಿರೂಪಾಕ್ಷಪ್ಪ ದೀಪ ಹಚ್ಚಿ, ಆರಿಸಿ, ಹಚ್ಚಿ ನೋಡುತ್ತಿದ್ದ.

ಗುಡ್ಡ ಮುಗಿಯುವ ಹೊತ್ತಿಗೆ ಸುದ್ದಿ ಬಂತು: ನಿಜವಾದ ಎಮ್ಮೆಗುಡ್ಡಕ್ಕೆ ಗಣಿ ಬರುತ್ತದಂತೆ. ಆ ಹಳ್ಳಿಯ ಶಾಲೆಯ ಬಯಲಿನಲ್ಲಿ ಸಾರ್ವಜನಿಕ ಅಹವಾಲು ಸಭೆಯಂತೆ, ಬೇಡವೆನ್ನುವವರು ಅಲ್ಲಿ ಬಂದು ಹೇಳಬಹುದಂತೆ. ಎರಡು ದಿನ ಬಿಟ್ಟು ವಿರೂಪಾಕ್ಷಪ್ಪ ಗರಗಸ ತಂದು ತಾನೇ ಕಟ್ಟಿದ ಗುಡ್ಡವನ್ನು ಬುಡದಲ್ಲಿ ಸುತ್ತ ಕೊಯ್ದ. ನಾನು ಹೌಹಾರಿದೆ.

"ಬಾಯಿಲೆ ಹೇಳಿದ್ರ ಯಾರು ಕೇಳ್ತಾರಲೇ? ಅಲ್ಲಿ ಒಯ್ದು ಇಡೂನು. ಮದ್ಲ ರೈಲು ಬಿಡೂನು, ಮಂದಿ ಕೂಡತೈತಿ. ಒರತಿ ತೋರಸೂನು. ಆಮ್ಯಾಲ ಗುಡ್ಡ ಎತ್ತಿಬಿಡತೀನಿ. ಕೆಳಗ ಬರೇ ಬೋಳು ಹಲಗಿ ಕಾಣತೈತಿ, ತೂತು. ನಾಳೆ ನಿಮ್ಮೂರಿನ ಗತಿ ಇದು ಅಂತೀನಿ. ಸಾಕು."

ಭಾಷಣಕ್ಕಿಂತ ಇದು ಬಲವಾದ ವಾದವೆಂದು ನನಗೂ ತೋರಿತು. ಡ್ರಾಯಿಂಗ್ ಮಾಸ್ತರರು ದೃಶ್ಯದ ಶಕ್ತಿಯನ್ನು ನಂಬದಿದ್ದರೆ ಇನ್ಯಾರು ನಂಬಬೇಕು? ಮಿಲ್ಲಿನ ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಮೆತ್ತೆಯ ಮೇಲೆ ಆ ಭೂಮಂಡಲವನ್ನಿಟ್ಟು, ಅದಿರಿನ ಲಾರಿಗಳ ಸಾಲಿನಲ್ಲಿ ಧೂಳು ಕುಡಿಯುತ್ತ, ಮದುಮಗಳನ್ನು ಕರೆದೊಯ್ಯುವವರ ಹಾಗೆ ಹೋದೆವು.

ಶಾಮಿಯಾನ ಹಾಕಿದ್ದರು. ಮೇಜಿನ ಹಿಂದೆ ಒಬ್ಬ ಅಧಿಕಾರಿ, ಅವರ ಪಕ್ಕ ಕಂಪನಿಯ ಮ್ಯಾನೇಜರು, ಹಿಂದೆ ಊಟದ ಹಂಡೆಗಳು. ನಾವು ಮಾದರಿಯನ್ನು ಬೆಂಚುಗಳ ಮೇಲೆ ಜೋಡಿಸಿ, ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಸಿಕ್ಕಿಸಿದೆವು. ರೈಲು ಎಮ್ಮೆಗುಡ್ಡದ ಬುಡ ಸುತ್ತಿ ಸ್ಟೇಷನ್ನಿಗೆ ಬಂತು. ಅಹವಾಲು ಹೇಳಬೇಕಾದವರೆಲ್ಲ ಎದ್ದು ಬಂದು ಬೆಂಚಿಗೆ ಮುಗಿಬಿದ್ದರು.

"ಏ, ನಮ್ಮ ಗುಡ್ಡ ನೋಡಲೇ! ಎಮ್ಮಿ ಹಂಗ ಐತಿ!"

"ಒರತಿ ನೋಡು, ಹೊಳೀತೈತಿ!"

"ಇನ್ನೊಂದು ಸುತ್ತ ಬಿಡ್ರಿ, ಯಜಮಾನ್ರ!"

ಇನ್ನೊಂದು ಸುತ್ತು ಬಿಟ್ಟ. ಮತ್ತೊಂದು ಬಿಟ್ಟ. ಇರುವೆಗಳ, ಸಲಹೆ ಕೊಡುವವರ ಮುಂದೆ ಕಲಾಪ್ರದರ್ಶನ ಮಾಡಿದವನಿಗೆ ಒಂದು ಊರಿನ ಜನ ಸಿಕ್ಕಿದ್ದರು. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಮ್ಯಾನೇಜರು ಎದ್ದು ಬಂದು, ಬಗ್ಗಿ ನೋಡಿ, ವಿರೂಪಾಕ್ಷಪ್ಪನಿಗೆ ಕೈಮುಗಿದು, ಮೈಕು ಹಿಡಿದರು.

"ಭಾಳ ಚಂದ ಮಾಡ್ಯಾರ ಯಜಮಾನ್ರು. ನಾವು ಬಾಯಿಲೆ ಹೇಳಬೇಕಂತಿದ್ವಿ, ಇವರು ಕಣ್ಣಿಗೆ ತೋರಿಸಿಬಿಟ್ರು. ನೋಡ್ರಿ, ಗಣಿ ಮುಗಿದ ಮ್ಯಾಲೂ ನಿಮ್ಮ ಗುಡ್ಡ ಹಿಂಗ ಇರತೈತಿ. ಗಿಡ ಹಿಂಗ, ಒರತಿ ಹಿಂಗ."

ಜನ ಚಪ್ಪಾಳೆ ತಟ್ಟಿದರು. ವಿರೂಪಾಕ್ಷಪ್ಪನ ಮುಖ ಬಿಳುಚಿತು. "ಸುಳ್ಳು! ಹಿಂಗ ಇರಂಗಿಲ್ರೋ! ಇಲ್ಲಿ ನೋಡ್ರಿ!" ಎಂದು ಕೂಗಿ, ಎರಡೂ ಕೈಯಿಂದ ಎಮ್ಮೆಗುಡ್ಡವನ್ನು ಬುಡಸಮೇತ ಮೇಲೆತ್ತಿದ. ಕೆಳಗೆ ಬೋಳು ಹಲಗೆ, ತೂತು. ಯೋಜನೆಯ ಪ್ರಕಾರ ಇಲ್ಲಿ ಜನ ನಿಟ್ಟುಸಿರು ಬಿಡಬೇಕಿತ್ತು. ಜನ "ಓಹೋ!" ಎಂದು ಸಿಳ್ಳೆ ಹಾಕಿದರು. ಅಲ್ಲಾಡದ ಗುಡ್ಡವೊಂದು ಮುಚ್ಚಳದ ಹಾಗೆ ಎದ್ದು ಬಂದಿತ್ತು, ಸರ್ಕಸ್ಸಿನಲ್ಲೂ ಅಂಥದ್ದಿಲ್ಲ.

ಮ್ಯಾನೇಜರು ಒಂದು ಗಳಿಗೆಯೂ ತಡವರಿಸಲಿಲ್ಲ. ಆ ಮನುಷ್ಯನ ಬುದ್ಧಿಯನ್ನು ಇಂದಿಗೂ ನಾನು ಅಸಹ್ಯದಿಂದ ಮೆಚ್ಚುತ್ತೇನೆ.

"ನೋಡಿದ್ರಲ್ಲ? ಗಣಿ ಅಂದ್ರ ಇಷ್ಟ. ಗುಡ್ಡ ಎತ್ತೂದು, ಅಡಿಯಾಗಿನ ಅದಿರು ತಗೊಳ್ಳೂದು, ಮತ್ತ ತಂದು ಇಡೂದು. ಇಡ್ರಿ ಯಜಮಾನ್ರ, ಇಟ್ಟು ತೋರಸ್ರಿ."

ವಿರೂಪಾಕ್ಷಪ್ಪ ಇಡಲಿಲ್ಲ. ಗುಡ್ಡವನ್ನು ಎದೆಗವಚಿಕೊಂಡು ನಿಂತ. ಅವನ ಸೋದರಮಾವ, ಊರಿನ ಹಿರಿಯ, ಹತ್ತಿರ ಬಂದು ಭುಜ ತಟ್ಟಿದ. "ಇಡಪಾ, ಇಡು. ಕೈ ನೋಯತಾವು. ಮತ್ತ ಇಡತಾರಂದ ಮ್ಯಾಲ ನಮ್ದೇನು ತಕರಾರು?" ಮಾವ ತಾನೇ ಗುಡ್ಡವನ್ನು ಇಸಿದುಕೊಂಡು, ತೂತಿನ ಮೇಲೆ ನಾಜೂಕಾಗಿ ಕೂರಿಸಿದ. ಒಂದು ಎಳೆಯೂ ಆಚೀಚೆಯಾಗದಂತೆ ಕೂತಿತು. ಅಷ್ಟು ಚೊಕ್ಕವಾಗಿ ಕೊಯ್ದಿದ್ದ ನನ್ನ ಗೆಳೆಯ. ಎಲ್ಲರೂ ಊಟಕ್ಕೆ ಎದ್ದರು.

ದಾರಿಯಲ್ಲಿ ಅವನು ಒಂದೇ ಮಾತಾಡಿದ: "ಫೆವಿಕಾಲ್ ಹಾಕಿ ಅಂಟಿಸಿಬಿಡಬೇಕಿತ್ತಲೇ."

ಮುಂದೆ ಎಮ್ಮೆಯ ಕೊಂಬು ಹೋಯಿತು, ಕೊರಳು ಹೋಯಿತು, ಬೆನ್ನು ಮೆಟ್ಟಿಲು ಮೆಟ್ಟಿಲಾಯಿತು. ವಿರೂಪಾಕ್ಷಪ್ಪ ಆಗಾಗ ಹೋಗಿ ನೋಡಿ ಬಂದು, ಇದ್ದದ್ದು ಇದ್ದಂಗೆ ಇರಬೇಕೆಂಬ ತನ್ನ ನೇಮಕ್ಕೆ ತಪ್ಪದೆ ಅಟ್ಟದ ಗುಡ್ಡವನ್ನೂ ಅಷ್ಟಷ್ಟೇ ಕೊಯ್ಯುತ್ತಿದ್ದ. ಒಳಗಿನ ಕಾರುಗಳ ಜಾಹೀರಾತು ಕಾಣತೊಡಗಿತು. ಕೊನೆಗೊಂದು ದಿನ ಹೋದರೆ ತೂತು ಮಾತ್ರ ಇತ್ತು, ಅದರ ಸುತ್ತ ರೈಲು ತಿರುಗುತ್ತಿತ್ತು. ಮರಗಳೆಲ್ಲಿ ಎಂದು ಕೇಳಿದೆ. ಪಾರ್ವತಕ್ಕ ಕೆಳಗಿನಿಂದಲೇ ಹೇಳಿದಳು:

"ಬಣ್ಣ ತೊಳೆದು ಬಚ್ಚಲಕ್ಕ ಹಾಕೀನಿ, ಮಾಸ್ತರ. ನಿಮಗೂ ಒಂದೆರಡು ಒಯ್ರಿ."

ಒಯ್ದೆ. ತಿಕ್ಕಿದ್ದೂ ಆಯಿತು. ಸ್ವಲ್ಪ ದಿನ ಬೆನ್ನು ಹಸಿರಾಗುತ್ತಿತ್ತು.

ಇವತ್ತಿನದು ಕಮಲಾಪುರದ ಸಂತೆಯಲ್ಲಿ ಕೊಂಡ ಹೊಸ ನಾರು. ಅದರ ತಪ್ಪೇನೂ ಇಲ್ಲ. "ಒಳಗ ಏನು ನಿದ್ದಿ ಹತ್ತೇತೇನ್ರಿ? ನೀರು ಸುಮ್ಮನ ಹರ್ಯಾಕ ಹತ್ತೇತಿ!" ಎಂದು ಹೊರಗಿನಿಂದ ನನ್ನ ಹೆಂಡತಿ ಕೂಗಿದಳು. ಬಕೆಟ್ಟು ತುಂಬಿ, ಸೋಪಿನ ನೊರೆಯೊಂದಿಗೆ ನೀರು ಮೋರಿಗೆ ಹೋಗುತ್ತಿತ್ತು. ನಲ್ಲಿ ನಿಲ್ಲಿಸಿದೆ. ನಾರನ್ನು ಹಿಂಡಿ ಮೊಳೆಗೆ ತೂಗುಹಾಕಿದೆ. ತುಸು ದೂರದಿಂದ ಅದು ಮರದ ಹಾಗೆ ಕಂಡಿತು, ಮುಖ ತಿರುಗಿಸಿದೆ.

ಎಮ್ಮೆಗುಡ್ಡವನ್ನು ಯಾರೂ ಮತ್ತೆ ತಂದು ಇಡಲಿಲ್ಲ. ಆ ಊರಿಗೆ ಈಗ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ.