ಕಾಗದ ಕತ್ತರಿಸುವ ದೊಡ್ಡವ್ವ

ನನಗಾಗ ಒಂಬತ್ತು ವರ್ಷ. ಅದಾಗಿ ಎಪ್ಪತ್ತು ವರ್ಷದ ಮೇಲಾಯಿತು. ಪಕ್ಕದ ಮನೆಯ ದೊಡ್ಡವ್ವನ ಮುಖ ಮರೆತಿದ್ದೇನೆ, ಹೆಬ್ಬೆರಳು ಮರೆತಿಲ್ಲ. ಕತ್ತರಿಯ ಹಿಡಿ ಒತ್ತಿ ಒತ್ತಿ ಅಲ್ಲಿ ಹುಣಸೆ ಬೀಜದಂಥ ಗಂಟು ಎದ್ದಿತ್ತು. ಬಣ್ಣವೂ ಹುಣಸೆ ಬೀಜದ್ದೇ.

ಕೊಳ್ಳೇಗಾಲದಲ್ಲಿ ಮದುವೆ ಅಂದರೆ ಚಪ್ಪರಕ್ಕೆ ಅವಳು ಕತ್ತರಿಸಿದ ಬಣ್ಣದ ಕಾಗದವೇ ಆಗಬೇಕು. ಹನೂರು, ಯಳಂದೂರಿನವರೂ ಗಾಡಿ ಕಳಿಸುತ್ತಿದ್ದರು. ಅವಳು ಗೆರೆ ಗೀರೆ ಎಳೆಯುತ್ತಿರಲಿಲ್ಲ. ಕಾಗದ ಮಡಚುವಳು, ಎಲೆಅಡಿಕೆ ಅಗಿಯುತ್ತ ಕತ್ತರಿ ಆಡಿಸುವಳು. ಬಿಡಿಸಿದರೆ ಎರಡು ಗಿಳಿ ಕೊಕ್ಕಿಗೆ ಕೊಕ್ಕು ಕೊಟ್ಟು ನಿಂತಿರುತ್ತಿದ್ದವು. ಕಟ್ಟಿ ತೂಗುಹಾಕಿದರೆ ಬಿಸಿಲು ಅದರೊಳಗಿಂದ ಬಂದು ನೆಲದ ಮೇಲೆ ಹಸಿರು, ಕೆಂಪು ನೀರು ಹರಿದ ಹಾಗೆ ಆಗುತ್ತಿತ್ತು. ಅದರಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದೆ. ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಒಂದೇ ಗಿಳಿ ಕೊಡು ಅಂದರೆ ಬೈಯುವಳು.

"ಒಂಟಿ ಗಿಳಿ ಮದ್ವೆ ಮನೆಗೆ ಆಗಾಕಿಲ್ಲ ಕಣೆ. ಜೋಡೀನ ನಾನು ಬಿಡ್ಸಾಕಿಲ್ಲ."

ಆ ವರ್ಷ ಅವ್ವ ಹಾಸಿಗೆ ಹಿಡಿದಳು. ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ನಮ್ಮಂಥವರಿಗೆ ಫೋಟೋ ಎಲ್ಲಿಯದು? ಅವಳ ಮುಖ ಮರೆತುಬಿಡುತ್ತೇನೆ ಅಂತ ನನಗೆ ದಿಗಿಲು. ಒಂದು ಸಂಜೆ ಎದ್ದು ಕೂತಿದ್ದಾಗ ಇಳಿಬಿಸಿಲಿಗೆ ಅವಳ ನೆರಳು ಗೋಡೆಗೆ ಬಿದ್ದಿತ್ತು. ತುರುಬು, ಹಣೆ, ಮೂಗು ಎಲ್ಲ ನಿಚ್ಚಳ. ಓಡಿಹೋಗಿ ದೊಡ್ಡವ್ವನನ್ನು ಎಳೆದು ತಂದೆ. ಕರಿ ಕಾಗದ ಹಿಡಿದು ಬಂದಳು.

"ಅಲ್ಲಾಡ್ಬ್ಯಾಡ ಕಣೆ," ಅಂದಳು ಅವ್ವನಿಗೆ.

"ನಂದು ಮೊಂಡು ಮೂಗು, ವಸಿ ಉದ್ದ ಮಾಡಕ್ಕ," ಅಂದಳು ಅವ್ವ.

ದೊಡ್ಡವ್ವ ಗೋಡೆ ನೋಡುತ್ತ ಕತ್ತರಿಸಿದಳು. ಕೈಯ ರೂಢಿ, ಕಾಗದ ಮಡಚಿಬಿಟ್ಟಿದ್ದಳು. ಬಿಡಿಸಿದರೆ ಇಬ್ಬರು ಅವ್ವಂದಿರು, ಮೂಗಿಗೆ ಮೂಗು ಅಂಟಿಕೊಂಡು.

"ಅಯ್ಯೋ, ನನ್ಗೆ ನಾನೇ ಸವ್ತಿ ಆದ್ನಲ್ಲಕ್ಕ!" ಅವ್ವ ಕೆಮ್ಮು ಬರುವ ತನಕ ನಕ್ಕಳು.

ಅವ್ವ ಸತ್ತ ದಿನ ಅಪ್ಪ ಆ ಕಾಗದವನ್ನೂ ಅವಳ ಜೊತೆ ಹೂಳಬೇಕು ಅಂದ.

"ಸತ್ತೋಳ ನೆಳ್ಳು ಮನೇಲಿರಬಾರ್ದು. ಕೊಡಮ್ಮಿ."

ನಾನು ಎದೆಗೆ ಅವುಚಿಕೊಂಡು ಕೂತೆ. ದೊಡ್ಡವ್ವ ಹೋಗಿ ಕತ್ತರಿ ತಂದಳು. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಎರಡು ಮೂಗಿನ ನಡುವೆ ಕಚಕ್ ಅನ್ನಿಸಿದಳು. ಅವಳು ಜೋಡಿ ಬಿಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇದು ಅವ್ಳ ಜತೆ ಓಗ್ಲಿ. ಇದು ಮಗೀಗೆ. ಇನ್ನು ಮಾತಾಡ್ಬ್ಯಾಡ, ನಡೀಲಾ," ಅಂದಳು ಅಪ್ಪನಿಗೆ.

ಮುಂದೆ ದೊಡ್ಡವ್ವನೂ ಹನೂರಿನ ಮಗಳ ಮನೆಯಲ್ಲಿ ತೀರಿಕೊಂಡಳು. ಅವಳ ನೆರಳನ್ನು ಯಾರೂ ಕತ್ತರಿಸಲಿಲ್ಲ.

ಅವ್ವನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ, ನನ್ನ ಪಾಲಿನ ಕಾಗದಕ್ಕೆ ಗಂಜಿ ಬಳಿದು ಗೋಡೆಗೆ ಅಂಟಿಸಿದೆ. ಅಪ್ಪ ಬಂದು ನೋಡುತ್ತ ನಿಂತ.

"ವಸಿ ಮ್ಯಾಕೆ ಅಂಟ್ಸಮ್ಮಿ. ಕೋಳಿ ಕುಕ್ತವೆ."

ಮೆಲ್ಲಗೆ ಬಿಡಿಸಿ ಮೇಲಕ್ಕೆ ಅಂಟಿಸಿದೆ.