ಎಲ್ಲಾ ಪಾಸು

ಕ್ಯಾಸಂಬಳ್ಳಿಯ ಶ್ರೀರಾಮಪ್ಪ ಡಿಪ್ಲೊಮಾ ಮುಗಿಸಿ ಬಂಗಾರಪೇಟೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ತಾನು ಕಂಪ್ಯೂಟರಿನಲ್ಲಿ ಇದ್ದೇನೆ ಎಂದಷ್ಟೇ ಊರಲ್ಲಿ ಹೇಳಿಕೊಂಡಿದ್ದ. ಅಲ್ಲಿ ಏನು ಮಾಡುತ್ತಾನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೇ ಕಷ್ಟವಾಗುತ್ತಿತ್ತು.

ಕೆಲಸ ಇದ್ದದ್ದು ಸ್ಟೇಷನ್ ರಸ್ತೆಯಲ್ಲಿ, ಅಕ್ಕಿ ಮಂಡಿಯ ಮೇಲಿನ ಕೋಣೆಯಲ್ಲಿ. ಅಲ್ಲಿ ಟೈಪಿಂಗ್ ಕಲಿಸುತ್ತಿದ್ದ ರಾಮಚಂದ್ರಪ್ಪನವರು ತೊಂಬತ್ತರ ದಶಕದ ಗಾಳಿ ನೋಡಿ, ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ, ಕಂಪ್ಯೂಟರುಗಳನ್ನು ತಂದಿಟ್ಟು, ಬೆಂಗಳೂರಿನ ಒಂದು ಕಂಪನಿಯಿಂದ ಕಂಟ್ರಾಕ್ಟ್ ಹಿಡಿದಿದ್ದರು. ಆ ಕಂಪನಿ ಮಾಡುತ್ತಿದ್ದದ್ದು ಡಿಬಗ್ಗರ್ ಎಂಬ ಪ್ರೋಗ್ರಾಂ. ಬೇರೆ ಪ್ರೋಗ್ರಾಂ ಓಡುತ್ತಿರುವಾಗ ಬೇಕಾದ ಕಡೆ ತಡೆ ಹಾಕಿ ನಿಲ್ಲಿಸಿ, ತಪ್ಪೆಲ್ಲಿದೆ ಎಂದು ನೋಡುವುದಕ್ಕೆ ಅದು. ಆಜ್ಞೆಗಳನ್ನೆಲ್ಲ ಟೈಪ್ ಮಾಡಿಯೇ ಕೊಡಬೇಕು. ಪೂರ್ತಿ ಹೊಡೆಯಲು ಸೋಮಾರಿತನವಾದರೆ ಅರ್ಧ ಹೊಡೆದು ಟ್ಯಾಬ್ ಒತ್ತಿದರಾಯಿತು, ಉಳಿದರ್ಧವನ್ನು ಅದೇ ತುಂಬುತ್ತದೆ. ಸರಿಯಾಗಿ ತುಂಬುತ್ತದೆಯೇ ಎಂದು ನೋಡಲು ಟೆಸ್ಟುಗಳಿದ್ದವು. ಅವು ತಾವಾಗಿಯೇ ಅರ್ಧ ಪದ ಹೊಡೆದು, ಟ್ಯಾಬ್ ಒತ್ತಿ, ಬಂದದ್ದನ್ನು ಮೊದಲೇ ಬರೆದಿಟ್ಟ ಉತ್ತರಕ್ಕೆ ಹೋಲಿಸಿ ಪಾಸೋ ಫೇಲೋ ಹೇಳುತ್ತಿದ್ದವು. ಆ ಟೆಸ್ಟುಗಳನ್ನು ನೋಡಿಕೊಳ್ಳುವುದು ಶ್ರೀರಾಮಪ್ಪನ ಕೆಲಸ. ಜೊತೆಗೆ ಚಾಂಪಿಯನ್ ರೀಫ್ಸಿನಿಂದ ರೈಲಿನಲ್ಲಿ ಬರುತ್ತಿದ್ದ, ಬಿ.ಎಸ್ಸಿ. ಓದಿದ ಅನಸೂಯಮ್ಮ.

ಬೆಂಗಳೂರಿನಿಂದ ಡಿಬಗ್ಗರಿನ ಹೊಸ ಆವೃತ್ತಿಯ ಫ್ಲಾಪಿ ಬಂದಾಗಲೆಲ್ಲ ಪರದೆ ತುಂಬ ಫೇಲು. ಕಂಪನಿಯವರು ಹೊಸ ಆಜ್ಞೆ ಸೇರಿಸಿದ್ದರಿಂದ ಟೆಸ್ಟಿನಲ್ಲಿ ಬರೆದಿಟ್ಟ ಉತ್ತರ ಹಳತಾಗಿರಬಹುದು, ಇಲ್ಲವೇ ಡಿಬಗ್ಗರೇ ಕೆಟ್ಟಿರಬಹುದು. ಯಾವುದೆಂದು ತಿಳಿಯಲು ಅನಸೂಯಮ್ಮ ಡಿಬಗ್ಗರಿನ ಕೈಪಿಡಿ ಬಿಡಿಸಿ ಒಂದೊಂದನ್ನೇ ನೋಡುತ್ತಿದ್ದಳು. ಶ್ರೀರಾಮಪ್ಪನಿಗೆ ಅಷ್ಟು ವ್ಯವಧಾನವಿಲ್ಲ. ಡಿಬಗ್ಗರ್ ಏನು ಹೇಳಿತೋ ಅದನ್ನೇ ಎತ್ತಿ ಉತ್ತರದ ಜಾಗದಲ್ಲಿ ಅಂಟಿಸಿದ. ಎಲ್ಲವೂ ಪಾಸಾಯಿತು. ಇಷ್ಟು ಸುಲಭದ ವಿದ್ಯೆಯನ್ನು ಡಿಪ್ಲೊಮಾದಲ್ಲಿ ಯಾಕೆ ಕಲಿಸಲಿಲ್ಲವೋ ಎಂದುಕೊಂಡು ಟೀ ಕುಡಿಯಲು ಇಳಿದ.

ರಾಮಚಂದ್ರಪ್ಪನವರಿಗೆ ಅರ್ಥವಾಗುತ್ತಿದ್ದದ್ದು ಎರಡೇ ಪದ, ಪಾಸು ಮತ್ತು ಫೇಲು. ಒಬ್ಬನದು ಮಧ್ಯಾಹ್ನದೊಳಗೆ ಪಾಸು, ಇನ್ನೊಬ್ಬಳದು ಸಂಜೆಯಾದರೂ ಫೇಲು.

"ಏನಮ್ಮಾ, ಶ್ರೀರಾಮಪ್ಪಂದೆಲ್ಲ ಪಾಸಾಗೋಯ್ತು, ನಿಂದ್ಯಾಕಮ್ಮ ಇಂಗೆ?" ಎಂದರು.

"ಡಿಬಗ್ಗರಲ್ಲೇ ತಪ್ಪು ಅದೆ ಸಾರ್. ಅದುನ್ನ ತೋರ್ಸೋಕೇ ಅಲ್ವಾ ಟೆಸ್ಟು ಇರೋದು?"

ಅವರಿಗೆ ಅದು ಹುಡುಗರು ಪರೀಕ್ಷೆಯಲ್ಲಿ ಫೇಲಾಗಿ ಮೇಷ್ಟರನ್ನು ದೂರಿದಂತೆ ಕೇಳಿಸಿತು. ಮರುದಿನವೇ ಅವಳ ಟೆಸ್ಟುಗಳೂ ಶ್ರೀರಾಮಪ್ಪನ ಪಾಲಾದವು. ಅವಳಿಗೆ ಟೈಪಿಂಗ್ ಕಲಿಯಲು ಇನ್ನೂ ಬರುತ್ತಿದ್ದ ಮಕ್ಕಳನ್ನು ನೋಡಿಕೊಳ್ಳಲು ಹೇಳಿದರು.

ಹೊಗಳಿಕೆ ತಲೆಗೇರಿದ ಶ್ರೀರಾಮಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದ. ಅಂಟಿಸುವ ಕಷ್ಟವೂ ಬೇಡವೆಂದು, ಫೇಲಾದ ಟೆಸ್ಟಿನ ಉತ್ತರವನ್ನು ತಾನಾಗಿಯೇ ತಿದ್ದಿಬಿಡುವ ಪುಟ್ಟ ಪ್ರೋಗ್ರಾಂ ಬರೆದ. ಪ್ರತಿ ಟೆಸ್ಟಿನ ತಲೆಯ ಮೇಲೆ ತನ್ನ ಹೆಸರೂ ಬೀಳುವಂತೆ ಮಾಡಿದ. ಆಮೇಲೆ ಅವನಿಗೆ ಇದ್ದ ಕೆಲಸವೆಂದರೆ ಫ್ಲಾಪಿ ತುರುಕುವುದು, ತೆಗೆಯುವುದು. ರಾಮಚಂದ್ರಪ್ಪನವರು ಅವನಿಗೆ ಚೀಫ್ ಎಂಬ ಬಿರುದು ಕೊಟ್ಟರು, ತಿರುಗುವ ಕುರ್ಚಿ ಕೊಡಿಸಿದರು. ಮನೆಯಲ್ಲಿ ಅವನ ಹೆಂಡತಿ ಅಮ್ಮಾಜಮ್ಮ ಹಾಲು ಕರೆದು ಡೈರಿಗೆ ಹಾಕಿ ಬರುವಾಗ ಚೀಫ್ ಸಾಹೇಬರು ಇನ್ನೂ ಹಲ್ಲುಜ್ಜುತ್ತಿರುತ್ತಿದ್ದರು.

ಒಂದು ದಿನ ಕಂಪನಿಯ ಇಂಜಿನಿಯರ್ ಮುನಿನಾರಾಯಣಪ್ಪ ಕೆಲಸ ನೋಡಲು ಬಂದ. ಡಿಬಗ್ಗರ್ ತೆರೆದು ತನ್ನದೇ ಒಂದು ಪ್ರೋಗ್ರಾಮಿಗೆ ಬೆಳಿಗ್ಗೆಯಿಂದ ಅಲ್ಲಲ್ಲಿ ತಡೆ ಹಾಕಿಕೊಂಡ. ಊಟಕ್ಕೆ ಏಳುವ ಮುಂಚೆ ಅವುಗಳನ್ನು ಕೊಂಚ ಹೊತ್ತು ಸುಮ್ಮನಿರಿಸಲು 'ಡಿಸೇಬಲ್' ಎನ್ನಬೇಕಿತ್ತು. ಅರ್ಧ ಹೊಡೆದು, ಟ್ಯಾಬ್ ಒತ್ತಿ, ನೋಡದೆ ಎಂಟರ್ ಕೊಟ್ಟ. ಟ್ಯಾಬ್ ತುಂಬಿದ್ದು 'ಡಿಲೀಟ್' ಎಂದು. ಅಷ್ಟೂ ತಡೆಗಳು ಅಳಿಸಿಹೋದವು.

ಮುನಿನಾರಾಯಣಪ್ಪ ಟೆಸ್ಟು ತೆರೆದು ನೋಡಿದ. 'ಡಿಸೇ' ಎಂದು ಹೊಡೆದರೆ 'ಡಿಲೀಟ್' ಬರತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು, ಮೇಲೆ ಶ್ರೀರಾಮಪ್ಪನ ಹೆಸರಿತ್ತು.

"ಇದ್ಯಾರ್ರೀ ಇಂಗೆ ಬರ್ದಿದ್ದು?"

"ಡಿಬಗ್ಗರೇ ಅಂಗೆ ಯೋಳ್ತು ಸಾರ್," ಎಂದ ಶ್ರೀರಾಮಪ್ಪ.

"ಕಳ್ಳನ್ನೇ ಸಾಕ್ಷಿಗೆ ಕರ್ದಿದ್ದೀರಿ," ಎಂದ ಮುನಿನಾರಾಯಣಪ್ಪ. ಟೈಪಿಂಗ್ ಮಕ್ಕಳ ನಡುವೆ ಕೂತಿದ್ದ ಅನಸೂಯಮ್ಮ ತಲೆಯೆತ್ತಲಿಲ್ಲ. ಅದು ಶ್ರೀರಾಮಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಎಲ್ಲವನ್ನೂ ಕೈಪಿಡಿ ನೋಡಿ ಮೊದಲಿನಿಂದ ಬರೆಯಬೇಕೆಂದಾಯಿತು. ಅನಸೂಯಮ್ಮನನ್ನು ವಾಪಸ್ ಕರೆದರು. ಶ್ರೀರಾಮಪ್ಪ ತನ್ನ ಪುಟ್ಟ ಪ್ರೋಗ್ರಾಮನ್ನು ತಾನೇ ಅಳಿಸಿ, ಅವಳು ಹೇಳಿದಂತೆ ಒಂದೊಂದೇ ಉತ್ತರ ತಿದ್ದುತ್ತಾ ಕೂತ. ಪರದೆಯ ಮೇಲೆ ಫೇಲುಗಳು ಮತ್ತೆ ಕಾಣಿಸಿಕೊಂಡವು. ರಾಮಚಂದ್ರಪ್ಪನವರು ಮಾತ್ರ ಎಳ್ಳಷ್ಟೂ ಕುಗ್ಗಲಿಲ್ಲ. ಇಷ್ಟೊಂದು ತಪ್ಪು ಹುಡುಕುವ ಕೇಂದ್ರ ಇಡೀ ಜಿಲ್ಲೆಯಲ್ಲಿ ಬೇರೆ ಇಲ್ಲವೆಂದು ಮಂಡಿಗೆ ಬಂದವರಿಗೆಲ್ಲ ಹೇಳತೊಡಗಿದರು.

ಕೆಲವು ವಾರಗಳ ಮೇಲೆ ಶ್ರೀರಾಮಪ್ಪನ ಕೈಯಲ್ಲಿ ಒಂದು ಟೆಸ್ಟು ಫೇಲಾಯಿತು. ಕೈ ಅಂಟಿಸಲು ಹೋಯಿತು, ತಡೆದುಕೊಂಡ. ಕೈಪಿಡಿ ನೋಡಿದ, ಮತ್ತೊಮ್ಮೆ ನೋಡಿದ, ಬೆಂಗಳೂರಿಗೆ ಫೋನ್ ಮಾಡಿದ. ತಪ್ಪು ನಮ್ಮ ಡಿಬಗ್ಗರಿನದೇ ಎಂದರು ಅಲ್ಲಿಯವರು.

ಆ ಸಂಜೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಅಮ್ಮಾಜಮ್ಮನಿಗೆ, ಇವತ್ತು ತನ್ನದೊಂದು ಟೆಸ್ಟು ಫೇಲಾಯಿತೆಂದು ನಗುತ್ತಾ ಹೇಳಿದ. ಫೇಲಾದರೆ ಯಾರಾದರೂ ನಗುತ್ತಾರಾ ಎಂದಳು ಅವಳು. ಅವನು ಲುಂಗಿ ಎತ್ತಿ ಕಟ್ಟಿ, ವಿವರಿಸಲು ಅಲ್ಲೇ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತ.